ನನ್ನ ಎಡಗಣ್ಣಿನ ರೆಪ್ಪೆ

ನನ್ನ ಎಡಗಣ್ಣಿನ ಮೇಲಿನ ರೆಪ್ಪೆಯೊಳಗೆ ಏನೇನಿದೆ, ಯಾವುದರ ಕೆಳಗೆ ಯಾವುದಿದೆ ಎಂದು ನನಗೆ ಗೊತ್ತು. ಡಾಕ್ಟರಲ್ಲದವರಲ್ಲಿ ಈ ಮಾತು ಹೇಳಬಲ್ಲವರು ನಮ್ಮ ತಿಪಟೂರು ಸೀಮೆಯಲ್ಲಿ ಎಷ್ಟು ಜನ ಇದ್ದಾರೋ ಕಾಣೆ. ಜಂಬ ಅನ್ನುವವರು ಅನ್ನಲಿ. ಜಂಬಪಡುವುದಕ್ಕೂ ಯೋಗ್ಯತೆ ಬೇಕು. ಅದನ್ನು ನಾನು ಆಪರೇಷನ್ ಮೇಜಿನ ಮೇಲೆ ಮಲಗಿ, ಪೂರ್ತಿ ಎಚ್ಚರವಾಗಿದ್ದುಕೊಂಡೇ ಸಂಪಾದಿಸಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಂದಿಕೆರೆ ಕಡೆಯ ತವರಿನಿಂದ ಅರಳಗುಪ್ಪೆಗೆ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ತವರಿನಿಂದ ತಂದ ವಿದ್ಯೆ ಎರಡು. ಒಂದು ಎಸ್ಸೆಸ್ಸೆಲ್ಸಿ, ಇನ್ನೊಂದು ಕೊಬ್ಬರಿ ಒಡೆಯುವುದು. ಮೊದಲನೆಯದನ್ನು ಗಂಡನ ಮನೆಯಲ್ಲಿ ಯಾರೂ ಕೇಳಲಿಲ್ಲ. ಎರಡನೆಯದನ್ನು ನಾನು ಬಂದ ವಾರದಲ್ಲೇ ಅತ್ತೆ ಪರೀಕ್ಷೆ ಮಾಡಿದರು.

ನಮ್ಮ ಕಡೆಯ ಕೊಬ್ಬರಿ ಬಿಸಿಲಿಗೆ ಒಣಗಿಸಿದ್ದಲ್ಲ. ಬಲಿತ ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ, ಒಳಗಿನ ತಿರುಳು ಒಣಗಿ ಕರಟದಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಮಟ್ಟೆ ಸುಲಿದು, ಎಡಗೈಯಲ್ಲಿ ಕಾಯಿ ತಿರುಗಿಸುತ್ತಾ, ಬಲಗೈಯ ಸಣ್ಣ ಮಚ್ಚಿನಿಂದ ಕರಟವನ್ನು ಮಾತ್ರ ಒಡೆಯಬೇಕು. ಒಳಗಿನ ಗಿಟುಕು, ಅಂದರೆ ಉಂಡೆ ಕೊಬ್ಬರಿ, ಚೆಂಡಿನ ಹಾಗೆ ಇಡಿಯಾಗಿ ಬರಬೇಕು, ಮಚ್ಚಿನ ಗುರುತು ಅದರ ಮೇಲೆ ಬೀಳಬಾರದು. ಕರಟ ಎಷ್ಟು ದಪ್ಪವೋ ಏಟು ಅಷ್ಟೇ ಆಳ ಇಳಿಯಬೇಕು. ಇದು ಹೇಳಿ ಬರುವುದಲ್ಲ, ಕಣ್ಣು ಅಳೆದು ಕೈಗೆ ಕೊಡಬೇಕು. ನಾನು ಒಡೆದ ರಾಶಿಯಲ್ಲಿ ಕಿತ್ತುಹೋದ ಗಿಟುಕು ಹುಡುಕಲು ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂತರು. ಸಿಗಲಿಲ್ಲ. "ಕೈ ಪರವಾಗಿಲ್ಲ" ಅಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆಮೇಲೆ ಅಟ್ಟ ಇಳಿಸುವ ಕಾಲ ಬಂದರೆ ಅಕ್ಕಪಕ್ಕದ ಮನೆಗಳಿಂದಲೂ ನನ್ನನ್ನು ಕರೆಯುತ್ತಿದ್ದರು. ನಾನು ಬಿಂಕ ಮಾಡಿಕೊಂಡೇ ಹೋಗುತ್ತಿದ್ದೆ.

ಕಣ್ಣಿಗೆ ಏಟು ಬಿದ್ದದ್ದೂ ಹಾಗೆ ಒಡೆಯುತ್ತಾ ಕೂತಾಗಲೇ. ಒಂದು ಹಳೇ ಕಾಯಿ, ಕರಟ ಕಲ್ಲಿನಂಥದ್ದು. ಹೊಡೆದೆ, ಚೂರು ಸಿಡಿಯಿತು. ಕಣ್ಣು ಮುಚ್ಚಿದ್ದು ನೆನಪಿದೆ, ಆಮೇಲೆ ಬಿಸಿ ನೀರು ಹೊಯ್ದ ಹಾಗೆ ಕೆನ್ನೆಯ ಮೇಲೆಲ್ಲ ರಕ್ತ. ಕರಟದ ಅಂಚು ಬ್ಲೇಡಿಗೆ ಕಡಿಮೆಯಿಲ್ಲ. ರೆಪ್ಪೆ ಅಡ್ಡಕ್ಕೆ ಸೀಳಿತ್ತು. ಹತ್ತಿರದ ಡಾಕ್ಟರು ತೊಳೆದು ನೋಡಿ, "ಗುಡ್ಡೆ ಉಳಿದಿದೆ, ನಿನ್ನ ಪುಣ್ಯ. ರೆಪ್ಪೆ ತಾನು ಹರಿದು ಅದನ್ನ ಉಳಿಸಿದೆ" ಅಂದರು. ಮೇಲಿನ ಚರ್ಮ ಹೊಲಿದು, "ಒಳಗೆ ಏನು ತುಂಡಾಗಿದೆಯೋ ಈ ಬಾವಿನಲ್ಲಿ ನನಗೆ ಕಾಣ್ತಿಲ್ಲ. ನಾಳೆಯೇ ಬೆಂಗಳೂರಿಗೆ ಕರಕೊಂಡು ಹೋಗಿ" ಎಂದು ನಮ್ಮ ಯಜಮಾನರಿಗೆ ಸ್ಪಷ್ಟವಾಗಿ ಹೇಳಿ ಕಳಿಸಿದರು.

ನಾವು ಹೋಗಲಿಲ್ಲ. ಬಾವು ಇಳಿಯಿತು, ಗಾಯ ಕೂಡಿತು. ಹೊಲಿಗೆ ಗುರುತು ಕೂದಲೆಳೆಯಷ್ಟು ಸಣ್ಣದಾಯಿತು. ರೆಪ್ಪೆ ಮಾತ್ರ ಮೇಲೆ ಏಳಲಿಲ್ಲ. ಕಣ್ಣಿನ ಕಪ್ಪನ್ನು ಮುಚ್ಚಿಕೊಂಡು ಬಿದ್ದುಕೊಂಡಿತ್ತು. ಎಷ್ಟು ತಿಣುಕಿದರೂ ಬುಡದಲ್ಲಿ ಒಂದು ಗೆರೆ ಬೆಳಕು ಕಾಣುತ್ತಿತ್ತು, ಅಷ್ಟೇ. "ಕಿಬ್ಬನಹಳ್ಳಿ ಕ್ರಾಸಿನ ಅಂಗಡಿ ಕಣೇ ಇದು, ಅರ್ಧ ಬಾಗ್ಲು ಎಳ್ಕಂಡು ಯಾಪಾರ ಮಾಡ್ತಾರಲ್ಲ, ಅಂಗೆ" ಎಂದು ಯಜಮಾನರು ನಗಿಸಲು ನೋಡಿದರು. ನಾನು ನಗಲಿಲ್ಲ.

ಬೆಂಗಳೂರಿನ ಮಾತೆತ್ತಿದಾಗಲೆಲ್ಲ ಅತ್ತೆ ಒಂದೇ ಪಾಠ ಒಪ್ಪಿಸುತ್ತಿದ್ದರು. "ಅಟ್ಟುಕ್ ಹಾಕಿದ್ ಕಾಯ್ನ ಯಾರಾದ್ರೂ ದಿನಾ ಇಳ್ಸಿ ನೋಡ್ತಾರ? ಸುಮ್ನೆ ಬುಡು. ಅದುಕ್ಕೂ ಒಂದು ಟೈಮು ಅಂತ ಐತೆ. ಬಾವು ಇಂಗ್ದಂಗೆ ಅದೂ ತಾನೇ ಬಿಟ್ಕತ್ತದೆ." ಇದನ್ನು ಓದುವವರಿಗೆ ನಗು ಬರಬಹುದು. ಆದರೆ ವರ್ಷಗಟ್ಟಲೆ ಮುಟ್ಟದೆ ಬಿಟ್ಟದ್ದರಿಂದಲೇ ಅನ್ನ ತಿಂದ ಜನ ನಾವು. ಆತುರಪಟ್ಟು ಇಳಿಸಿದ ಕಾಯಿಯಲ್ಲಿ ನೀರು ಉಳಿದು ಕೊಳೆತದ್ದನ್ನು ಎಲ್ಲರೂ ಕಂಡವರೇ. ಹಾಗಾಗಿ ನನ್ನ ರೆಪ್ಪೆಯನ್ನೂ ಮನೆಮಂದಿಯೆಲ್ಲ ಸೇರಿ ಅಟ್ಟಕ್ಕೆ ಹಾಕಿಬಿಟ್ಟರು. ಬಂದವರೂ ಅದಕ್ಕೇ ತಲೆಯಾಡಿಸಿದರು.

ಈ ಮಧ್ಯೆ ಊರಲ್ಲಿ ಇನ್ನೊಂದು ಮಾತು ಹುಟ್ಟಿತು. ರೆಪ್ಪೆಯ ಕೆಳಗಿನ ಆ ಗೆರೆಯಲ್ಲಿ ನೋಡಬೇಕಾದರೆ ನಾನು ಗದ್ದ ಎತ್ತಿ, ತಲೆ ಹಿಂದಕ್ಕೆ ಹಾಕಿ, ಹುಬ್ಬು ಏರಿಸಬೇಕಾಗಿತ್ತು. "ಇವ್ಳ ಸೊಕ್ಕು ನೋಡು, ಕಣ್ಣು ಹೋದ್ರೂ ತಲೆ ಮಾತ್ರ ಮ್ಯಾಕೇ" ಎಂದು ನೀರು ಸೇದುವಲ್ಲಿ ಆಡಿಕೊಂಡರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಸೊಕ್ಕು ನನ್ನಲ್ಲಿ ಮೊದಲಿನಿಂದಲೂ ಇತ್ತು, ಅದನ್ನು ತೋರಿಸಲು ನನಗೆ ಗದ್ದ ಎತ್ತಬೇಕಿರಲಿಲ್ಲ.

ಆದರೆ ನನ್ನನ್ನು ಮುರಿದದ್ದು ಆ ಮಾತಲ್ಲ, ಮಚ್ಚು. ಮುಂದಿನ ಅಟ್ಟ ಇಳಿಸಿದಾಗ ಎಂದಿನಂತೆ ಕೂತೆ. ಮೊದಲ ಕಾಯಿಯಲ್ಲೇ ಏಟು ಗಿಟುಕಿನೊಳಗೆ ಇಳಿಯಿತು. ಎರಡನೆಯದಕ್ಕೆ ಹೆದರಿ ಹೊಡೆದೆ, ಕರಟಕ್ಕೂ ತಾಗಲಿಲ್ಲ. ಆಗ ತಿಳಿಯಿತು, ಒಂದೇ ಕಣ್ಣಿಗೆ ಎಡ ಬಲ ಕಾಣುತ್ತದೆ, ಆಳ ಕಾಣುವುದಿಲ್ಲ. ಲೋಟಕ್ಕೆ ಕಾಫಿ ಬಗ್ಗಿಸುವಾಗ ಹೊರಗೆ ಚೆಲ್ಲುತ್ತಿದ್ದದ್ದು ಯಾಕೆ ಎಂದೂ ಆಗಲೇ ತಿಳಿಯಿತು. ಸಂಜೆಯ ಹೊತ್ತಿಗೆ ನನ್ನ ಮುಂದೆ ಗಾಯವಾದ ಗಿಟುಕುಗಳದ್ದೇ ರಾಶಿ. ಅತ್ತೆ ಬೈಯಲಿಲ್ಲ. ಬೈದಿದ್ದರೆ ತಿರುಗಿ ಅಂದು ಹಗುರಾಗುತ್ತಿದ್ದೆ. ಮೆಲ್ಲಗೆ ಮಚ್ಚು ಈಸಿಕೊಂಡು, "ನೀನು ಕರಟ ಗುಡ್ಸಿ ಮೂಲೇಗ್ ಹಾಕಮ್ಮ ಸಾಕು" ಅಂದರು. ಪಕ್ಕದ ಮನೆಯಿಂದ ಬೇರೆಯವಳನ್ನು ಕರೆಸಿ ನನ್ನ ಜಾಗದಲ್ಲಿ ಕೂರಿಸಿದರು. ಅವಳು ಒಡೆದ ಕರಟವನ್ನು ನಾನು ಗುಡಿಸಿದೆ.

ಅವತ್ತು ರಾತ್ರಿಯ ಊಟಕ್ಕೆ ನಾನು ತಟ್ಟೆ ಹಾಕಲಿಲ್ಲ. "ನಾಳೆ ಬೆಂಗಳೂರಿಗೆ ಹೋಗ್ತೀನಿ. ಬರೋರು ಬನ್ನಿ, ಬರ್ದೆ ಇದ್ರೆ ಬುಡಿ. ಕಾಯಿ ಆಗಿದ್ರೆ ಇಷ್ಟೊತ್ತಿಗೆ ಗಿಟುಕಾಗ್ತಿತ್ತು, ಇದು ಕಣ್ಣು" ಅಂದೆ. ಯಜಮಾನರು ಅಮ್ಮನ ಮುಖ ನೋಡಿದರು. ಅತ್ತೆ ತಾವೇ ತಟ್ಟೆ ಹಾಕುತ್ತಾ, "ಸೊಸೆ ಕಣ್ ಕುಯ್ಯೋವಾಗ ನಾನ್ ಮನೇಲಿ ಕೂತಿರಾಕಾಯ್ತದ? ನಾನೂ ಬತ್ತೀನಿ" ಅಂದರು. ಬೆಳಿಗ್ಗೆ ಮೂವರೂ ಕಿಬ್ಬನಹಳ್ಳಿಗೆ ಬಂದು ಬಸ್ಸು ಹಿಡಿದೆವು.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ರೆಪ್ಪೆ ನೋಡುವವರು ಒಬ್ಬ ಡಾಕ್ಟರಮ್ಮ. ನರೆತ ತಲೆ, ಸಣ್ಣ ಆಳು, ಮಾತು ಚಾಟಿ. ಸುತ್ತ ಕಲಿಯುವ ಹುಡುಗ ಹುಡುಗಿಯರು. ಅವರು ನನ್ನ ಗಾಯದ ಗೆರೆ ನೋಡಿ ಸುಮ್ಮನಾಗಲಿಲ್ಲ. ಹೆಬ್ಬೆರಳಿನಿಂದ ನನ್ನ ಹುಬ್ಬನ್ನು ಮೂಳೆಗೆ ಒತ್ತಿ ಹಿಡಿದು, "ಈಗ ಕೆಳಗೆ ನೋಡು. ಈಗ ಮೇಲೆ" ಅಂದರು. ಹುಬ್ಬು ಸಹಾಯಕ್ಕೆ ಬರದ ಹಾಗೆ ಕಟ್ಟಿಹಾಕಿ, ರೆಪ್ಪೆ ತನ್ನ ಬಲದಿಂದ ಎಷ್ಟು ಏಳುತ್ತದೆ ಎಂದು ಸಣ್ಣ ಸ್ಕೇಲು ಇಟ್ಟು ಅಳೆದರು. ಆ ಸ್ಕೇಲಿನ ಮೇಲೆ ನನ್ನ ಮಚ್ಚು ನಿಂತಿತ್ತು.

"ಏಳ್ತಿದೆ" ಅಂದರು ಡಾಕ್ಟರಮ್ಮ. "ಎತ್ತುವ ಸ್ನಾಯು ಬದುಕಿದೆ. ಹಿಡಿತ ಬಿಟ್ಟುಹೋಗಿದೆ." ಆಮೇಲೆ ಕಲಿಯುವವರ ಕಡೆ ತಿರುಗಿ ನನ್ನ ಬಲಗಣ್ಣಿನ ರೆಪ್ಪೆಯ ಮಡಿಕೆ ತೋರಿಸಿದರು. ಕಣ್ಣು ಬಿಟ್ಟಾಗ ರೆಪ್ಪೆಯ ಮೇಲೆ ಒಂದು ಗೆರೆ ಮಡಿಚಿಕೊಳ್ಳುತ್ತದಲ್ಲ, ಅದು. ಎತ್ತುವ ಸ್ನಾಯುವಿನ ಕೆಲವು ಎಳೆಗಳು ಚರ್ಮಕ್ಕೂ ಬಂದು ಕಚ್ಚಿಕೊಂಡಿರುವುದರಿಂದ ಆ ಮಡಿಕೆಯಂತೆ. ನನ್ನ ಎಡಗಣ್ಣಿನಲ್ಲಿ ಆ ಮಡಿಕೆಯೇ ಇರಲಿಲ್ಲ, ಇಸ್ತ್ರಿ ಹಾಕಿದಂತೆ ನುಣ್ಣಗಿತ್ತು. ಇಷ್ಟು ದಿನ ಕನ್ನಡಿ ನೋಡಿಕೊಂಡು ಅತ್ತಿದ್ದೆನೇ ಹೊರತು ಇದನ್ನು ಕಂಡಿರಲಿಲ್ಲ.

"ಗಾಯ ಆಗಿ ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಅವರು ಕೇಳಿದರು. ಅತ್ತೆ ಅಂಜಲಿಲ್ಲ, ಅಟ್ಟದ ಸಂಗತಿಯನ್ನು ಆದಿಯಿಂದ ಹೇಳಿದರು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, "ಅಜ್ಜೀ, ಗಾಯ ಆದ ಮಾರನೇ ದಿನವೇ ಬಂದಿದ್ದರೆ ಅವತ್ತೇ ತುಂಡಾದ ಕೊನೆ ಹುಡುಕಿ ಹೊಲಿದುಬಿಡ್ತಿದ್ದೆ. ಅದನ್ನ ತಪ್ಪಿಸಿದ್ದು ದೊಡ್ಡ ತಪ್ಪು. ಒಮ್ಮೆ ತಪ್ಪಿದ ಮೇಲೆ ಬಾವು ಇಳಿದು, ಗಾಯ ಮೆತ್ತಗಾಗೋ ತನಕ ನಾವೂ ಕಾಯ್ತೀವಿ" ಅಂದರು. ಅತ್ತೆಗೆ ಮೊದಲ ಎರಡು ಮಾತು ಕೇಳಿಸಲೇ ಇಲ್ಲ. ಕೊನೆಯ ಮಾತನ್ನು ಸಾಯುವವರೆಗೂ ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಆಪರೇಷನ್ ದಿನ ನನ್ನನ್ನು ಮಲಗಿಸಿ ರೆಪ್ಪೆಗೆ ಮಾತ್ರ ಮರಗಟ್ಟುವ ಸೂಜಿ ಹಾಕಿದರು. ಕಣ್ಣು ಬಿಡು ಅಂದಾಗ ಬಿಡಬೇಕು, ಮುಚ್ಚು ಅಂದಾಗ ಮುಚ್ಚಬೇಕು, ಇಲ್ಲದಿದ್ದರೆ ಎಷ್ಟು ಎಳೆದು ಕಟ್ಟಬೇಕೆಂದು ತಿಳಿಯುವುದಿಲ್ಲ, ಅದಕ್ಕೇ ಎಚ್ಚರವಾಗಿರಬೇಕು ಅಂದರು. ಸೂಜಿ ಚುಚ್ಚುವಾಗ ಉರಿಯಿತು. ಆಮೇಲೆ ನೋವಿಲ್ಲ, ಎಳೆದಾಟ ಮಾತ್ರ ಗೊತ್ತಾಗುತ್ತಿತ್ತು. ಡಾಕ್ಟರಮ್ಮ ಕೆಲಸ ಮಾಡುತ್ತಾ ಕಲಿಯುವವರಿಗೆ ಪಾಠ ಹೇಳುತ್ತಿದ್ದರು. ಅವರ ಪಾಠ ಇಂಗ್ಲಿಷು. ನಾನು, "ಅಮ್ಮಾ, ರೆಪ್ಪೆ ನಂದು, ನಂಗೂ ತಿಳಿಯೋ ಹಂಗೆ ಹೇಳಿ" ಅಂದೆ. ಡಾಕ್ಟರಮ್ಮ ನಕ್ಕದ್ದು ಮುಖಕ್ಕೆ ಕಟ್ಟಿದ ಬಟ್ಟೆಯೊಳಗಿಂದ ಕೇಳಿಸಿತು. ಅಲ್ಲಿಂದಾಚೆ ಪ್ರತಿಯೊಂದನ್ನೂ ಎರಡು ಸಲ ಹೇಳಿದರು.

"ಇದು ಚರ್ಮ. ಮೈಯಲ್ಲೆಲ್ಲ ಇಷ್ಟು ತೆಳು ಚರ್ಮ ಇನ್ನೆಲ್ಲೂ ಇಲ್ಲ. ಇದರ ಕೆಳಗೆ ಕೊಬ್ಬಿಲ್ಲ, ಸಡಿಲ. ಅದಕ್ಕೇ ಏಟು ಬಿದ್ದರೆ ಬದನೆಕಾಯಿ ಹಾಗೆ ಊದಿಕೊಳ್ಳುತ್ತೆ." ಅದರ ಕೆಳಗೆ ಮುಚ್ಚುವ ಸ್ನಾಯು. ಕಣ್ಣಿನ ಸುತ್ತ ಬಳೆಯಂತೆ ಓಡಿ, ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ ಕಣ್ಣನ್ನು ಮುಚ್ಚುತ್ತದೆ. ನನ್ನದರಲ್ಲಿ ಅದು ಚೆನ್ನಾಗಿತ್ತು. ಮುಚ್ಚುವವನು ಗಟ್ಟಿ, ತೆರೆಯುವವನು ಕೈಬಿಟ್ಟಿದ್ದ, ಅಷ್ಟೇ ನನ್ನ ಕಾಯಿಲೆ. ಅದರ ಹಿಂದೆ ತೆಳ್ಳನೆಯ ಒಂದು ಪರದೆ. ಪರದೆ ಬಿಡಿಸಿದಾಗ, "ಬಂತು ನೋಡಿ ಹಳದಿ ಕೊಬ್ಬು. ಇದು ಕಂಡರೆ ದಾರಿ ಸರಿ ಅಂತ ಅರ್ಥ, ನಾವು ಹುಡುಕುವುದು ಇದರ ಹಿಂದೆಯೇ ಇರುತ್ತೆ" ಅಂದರು.

"ನನ್ ಕಣ್ಣಲ್ಲಿ ಕೊಬ್ಬಿದೆ ಅಂತ ನಮ್ಮತ್ತೆಗೆ ಮೊದಲೇ ಗೊತ್ತಿತ್ತು" ಅಂದೆ ನಾನು.

"ಮಾತಾಡಬೇಡ, ಕೈ ಅಲ್ಲಾಡುತ್ತೆ" ಎಂದು ಗದರಿಸಿದರು. ಗದರಿಕೆಯಲ್ಲಿ ನಗುವೂ ಇತ್ತು.

ಕೊಬ್ಬಿನ ಹಿಂದೆ ಅವರ ಕೈ ನಿಧಾನವಾಯಿತು. ಮೇಲೆ ನೋಡು ಅಂದರು, ಕೆಳಗೆ ನೋಡು ಅಂದರು, ಮತ್ತೆ ಮೇಲೆ. ಗಾಯದ ಗಂಟಿನ ಒಳಗೆ ಏನೋ ಹುಡುಕುತ್ತಿದ್ದರು. ಸಿಗದಿದ್ದರೆ ಏನು ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಆಮೇಲೆ "ಸಿಕ್ಕಿತು" ಅಂದರು. ಎತ್ತುವ ಸ್ನಾಯು ಕಣ್ಣಿನ ಗೂಡಿನ ತೀರಾ ಹಿಂದಿನಿಂದ ಹೊರಟು, ಗುಡ್ಡೆಯ ಮೇಲೆ ಹಾದು ಬಂದು, ಮುಂದೆ ಬಿಳಿ ಪಟ್ಟಿಯಾಗಿ ಅಗಲವಾಗುತ್ತದಂತೆ. ಆ ಪಟ್ಟಿಯ ಅಂಚು ಹರಿದು ಮೇಲಕ್ಕೆ ಸರಿದು ಕೂತಿತ್ತು. ಇಷ್ಟು ದಿನ ನಾನು ಕಣ್ಣು ಬಿಡಬೇಕೆಂದಾಗಲೆಲ್ಲ ಅದು ಅಲ್ಲೇ ನಿಷ್ಠೆಯಿಂದ ಎಳೆಯುತ್ತಿತ್ತಂತೆ. ಎಳೆದದ್ದಕ್ಕೆ ಈ ತುದಿಯಲ್ಲಿ ಏನೂ ಕಟ್ಟಿರಲಿಲ್ಲ. ನಾನು ಬೈದುಕೊಂಡ ಆ ರೆಪ್ಪೆಯೊಳಗೆ ಒಂದು ದಿನವೂ ಕೆಲಸ ಬಿಟ್ಟಿರಲಿಲ್ಲ ಅದು.

ಪಟ್ಟಿಯ ಬೆನ್ನಿಗೆ ಇನ್ನೊಂದು ಸಣ್ಣ ಸ್ನಾಯು ಇದೆ, ಅದು ನಮ್ಮ ಮಾತು ಕೇಳುವುದಿಲ್ಲ. ಹೆದರಿದಾಗ ಕಣ್ಣು ಅಗಲವಾಗುವುದು ಅದರಿಂದ. ರೆಪ್ಪೆಯ ಕೆಳಭಾಗಕ್ಕೆ ಆಕಾರ ಕೊಡಲು ಗಟ್ಟಿಯಾದ ತಟ್ಟೆಯೊಂದು, ಪುಸ್ತಕದ ರಟ್ಟಿನಷ್ಟು ಬಿಗಿ. ಅದರೊಳಗೆ ಸಾಲಾಗಿ ಎಣ್ಣೆಯ ಗ್ರಂಥಿಗಳು, ಒಂದೊಂದರ ಬಾಯಿಯೂ ರೆಪ್ಪೆಯ ಅಂಚಿಗೆ. ಕಣ್ಣೀರು ಆರದಂತೆ ಅದರ ಮೇಲೆ ಎಣ್ಣೆಯ ಪೊರೆ ಹರಡುವುದು ಇವುಗಳ ಕೆಲಸ. ತೆಂಗಿನ ಸೀಮೆಯವರ ರೆಪ್ಪೆಯಲ್ಲೂ ಎಣ್ಣೆಯೇ ಎಂದು ಹೇಳಬೇಕೆನಿಸಿತು, ಗದರುತ್ತಾರೆಂದು ನುಂಗಿಕೊಂಡೆ. ಎಲ್ಲಕ್ಕಿಂತ ಒಳಗೆ, ಗುಡ್ಡೆಯ ಮೇಲೆ ಜಾರುವ ಒದ್ದೆಯಾದ ನಸುಗೆಂಪು ಪೊರೆ. ಇಷ್ಟೆಲ್ಲ ಆ ಒಂದಿಷ್ಟು ದಪ್ಪದೊಳಗೆ.

ಹರಿದ ಪಟ್ಟಿಯನ್ನು ಎಳೆದು ತಂದು ತಟ್ಟೆಗೆ ಹೊಲಿಗೆ ಹಾಕಿ, ಗಂಟು ಬಿಗಿಯುವ ಮೊದಲು ನನ್ನನ್ನು ಎಬ್ಬಿಸಿ ಕೂರಿಸಿದರು. ಎರಡೂ ಕಣ್ಣು ಬಿಡಿಸಿ ದೂರದಿಂದ ನೋಡಿದರು. "ಕೇಳು" ಅಂದರು. "ಇನ್ನೂ ಸ್ವಲ್ಪ ಎಳೆದರೆ ಎರಡೂ ಕಣ್ಣು ಒಂದೇ ಸಮ ಕಾಣುತ್ತೆ, ಲಕ್ಷಣವಾಗಿರುತ್ತೆ. ಆದರೆ ಗಾಯ ಆದ ರೆಪ್ಪೆ ಇದು, ಅಷ್ಟು ಎಳೆದರೆ ಪೂರ್ತಿ ಮುಚ್ಚದೆ ಹೋಗಬಹುದು. ಇಲ್ಲಿಗೇ ಬಿಟ್ಟರೆ ಚೆನ್ನಾಗಿ ಮುಚ್ಚುತ್ತೆ, ಕಣ್ಣು ಒಂದು ಚೂರು ಸಣ್ಣದು ಕಾಣುತ್ತೆ. ನೀನು ವಯಸ್ಸಿನ ಹೆಣ್ಣು, ಅದಕ್ಕೇ ಕೇಳ್ತಿದ್ದೀನಿ."

ನಾನು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ಬಿಟ್ಟರೆ ಮಚ್ಚಿನ ಆಳ ಕಾಣುತ್ತಾ?"

"ಎರಡೂ ಕಣ್ಣಿನ ಕಪ್ಪು ತೆರೆದಿದೆ. ಕಾಣಬೇಕು."

"ಹಂಗಾದ್ರೆ ಮುಚ್ಚೋದು ಮುಖ್ಯ. ನನ್ ಕಣ್ಣಿನ ಮುಂದೆ ದಿನಾ ಕರಟ ಸಿಡಿಯುತ್ತೆ ಕಣಮ್ಮ. ಲಕ್ಷಣ ಕಟ್ಕೊಂಡು ಏನ್ ಮಾಡ್ಲಿ, ಇಲ್ಲಿಗೇ ಗಂಟು ಹಾಕಿ" ಅಂದೆ. ಅವರು ಕಲಿಯುವವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಅದನ್ನು ಮಾತ್ರ ಎರಡನೇ ಸಲ ನನಗೆ ಹೇಳಲಿಲ್ಲ. ನನ್ನ ಭುಜದ ಮೇಲೆ ಮೊಣಕೈಯಿಂದ ಮೆಲ್ಲಗೆ ಒತ್ತಿ ಮತ್ತೆ ಮಲಗಿಸಿದರು.

ಇವತ್ತಿಗೂ ಯಾವ ಫೋಟೋದಲ್ಲಿ ನೋಡಿದರೂ ನನ್ನ ಎಡಗಣ್ಣು ಬಲಗಣ್ಣಿಗಿಂತ ಕೂದಲಷ್ಟು ಸಣ್ಣದು. ಸರಿ ಮಾಡಿ ಕೊಡಲೇ ಎಂದು ಸ್ಟುಡಿಯೋದವನೊಬ್ಬ ಕೇಳಿದ್ದ. ಅದು ನಾನೇ ಹೇಳಿ ಮಾಡಿಸಿದ ಅಳತೆ, ಮುಟ್ಟಿದರೆ ನೋಡು ಅಂದೆ.

ಊರಿಗೆ ಬಂದ ಮೇಲೆ ಡಾಕ್ಟರಮ್ಮ ಹೇಳಿದಷ್ಟು ದಿನ ಸುಮ್ಮನಿದ್ದೆ. ಈ ಸಲ ಕಾಯುವುದು ಅತ್ತೆಗೇ ಕಷ್ಟವಾಯಿತು. ಬೆಳಿಗ್ಗೆ ಎದ್ದರೆ ನನ್ನ ಗದ್ದ ಹಿಡಿದು, "ಮುಚ್ಚು, ಬುಡು, ಮುಚ್ಚು, ಬುಡು" ಎಂದು ಡಾಕ್ಟರಿಕೆ ನಡೆಸುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಕೇಳದೆಯೇ ಮಚ್ಚು ತಂದು ನನ್ನ ಮುಂದಿಟ್ಟರು. ಯಜಮಾನರು ಮಟ್ಟೆ ಸುಲಿದ ಕಾಯಿಗಳನ್ನು ಸುರಿದು, ಹೋಗದೆ ಬಾಗಿಲಲ್ಲೇ ನಿಂತರು. ಇದು ಆಗದಿದ್ದರೆ ಉಳಿದ ಆಯಸ್ಸು ಕರಟ ಗುಡಿಸುವುದೇ.

ಕಾಯಿ ತಿರುಗಿಸಿ ಹೊಡೆದೆ. ಕರಟ ಸೀಳಿತು, ಮಚ್ಚು ಅಲ್ಲಿಗೇ ನಿಂತಿತು. ಮತ್ತೆ ಹೊಡೆದೆ. ಚೂರೊಂದು ಎದ್ದು ನೇರವಾಗಿ ಎಡಗಣ್ಣಿಗೇ ಬಂತು. ಮುಚ್ಚಬೇಕು ಎಂದು ನಾನು ಅಂದುಕೊಳ್ಳುವ ಹೊತ್ತಿಗೆ ರೆಪ್ಪೆ ಮುಚ್ಚಿ ಆಗಿತ್ತು. ಚೂರು ಬಡಿದು ಮಡಿಲಿಗೆ ಬಿತ್ತು. ರೆಪ್ಪೆ ತಾನಾಗಿ ಮೇಲಕ್ಕೆದ್ದಿತು. ಎಡಗೈಯಲ್ಲಿ ಗಿಟುಕು ಇತ್ತು, ಅದರ ದುಂಡು, ಅದಕ್ಕೂ ನನ್ನ ಮಚ್ಚಿಗೂ ಇದ್ದ ದೂರ, ಎಲ್ಲ ಸ್ಪಷ್ಟವಾಗಿ ಕಂಡಿತು. ಮೈ ಮೇಲೆ ಒಂದು ಗೆರೆಯೂ ಇಲ್ಲದ ಗಿಟುಕು.

ಅತ್ತೆ ಗಾಬರಿಯಿಂದ ಹತ್ತಿರ ಬಗ್ಗಿದರು. "ಏನಾಯ್ತಮ್ಮ, ಕಣ್ಣಿಗ್ ಬಿತ್ತಾ?"

"ಬಂದಿತ್ತು ಕಣತ್ತೆ. ರೆಪ್ಪೆ ಒಳಕ್ ಬುಡ್ಲಿಲ್ಲ."

ಅವರು ನನ್ನ ಕೈಯಿಂದ ಗಿಟುಕು ತೆಗೆದುಕೊಂಡು, ಸುತ್ತಲೂ ಬೆರಳಾಡಿಸಿ ನೋಡಿ, ಇನ್ನೊಂದು ಕಾಯಿ ಕೊಟ್ಟರು. ನನ್ನ ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹಾಗೇ ಒಡೆದೆ, ಅದೂ ಇಡಿಯಾಗಿ ಬಂತು.